ಔಯುಇತ್ತುಕ್‌ಗೆ ಹೋಗುವುದು ಹೇಗೆ: ಬ್ಯಾಫಿನ್ ದ್ವೀಪದ ಅಕ್ಷಯುಕ್ ಕಣಿವೆ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಕೆನಡಾದ ನೂನಾವುಟ್ ಪ್ರದೇಶದ ಬ್ಯಾಫಿನ್ ದ್ವೀಪದಲ್ಲಿ, ಆರ್ಕ್‌ಟಿಕ್ ವೃತ್ತ ಹಾದುಹೋಗುವ ಕಡೆಯೇ ಔಯುಇತ್ತುಕ್ ರಾಷ್ಟ್ರೀಯ ಉದ್ಯಾನವಿದೆ. ಇಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ಈ ಹೆಸರಿಗೆ 'ಎಂದೂ ಕರಗದ ನಾಡು' ಎಂದರ್ಥ. ವಿಸ್ತೀರ್ಣ ಸುಮಾರು 19,000 ಚದರ ಕಿ.ಮೀ. ಹೆಚ್ಚಿನ ಭಾಗ ಬಂಡೆ ಮತ್ತು ಹಿಮ, ಮರ ಒಂದೂ ಇಲ್ಲ. ರಸ್ತೆ, ಹೋಟೆಲ್, ಮೊಬೈಲ್ ಸಿಗ್ನಲ್ ಯಾವುದೂ ಇಲ್ಲ. ಚಾರಣಿಗರು ಇಲ್ಲಿಗೆ ಬರುವುದು ಅಕ್ಷಯುಕ್ ಕಣಿವೆಗಾಗಿ: ಎರಡು ಫಿಯೋರ್ಡ್‌ಗಳ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಿರಿದಾದ ಕಡಲ ತೋಳುಗಳ) ನಡುವೆ 97 ಕಿ.ಮೀ. ಉದ್ದಕ್ಕೆ ಚಾಚಿರುವ, ಹಿಮನದಿಗಳು ಕೊರೆದ ದಾರಿ. (ಹೆಸರಿನಲ್ಲಿ 'ಅಕ್ಷಯ' ಕೇಳಿಸುತ್ತದೆ. ಆದರೆ ಇದು ಇನುಯಿಟ್ ಹೆಸರು, ಸಂಸ್ಕೃತಕ್ಕೂ ಇದಕ್ಕೂ ಸಂಬಂಧವಿಲ್ಲ.)

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಚಾರಣ ಕೆಡುವುದು ಕಾಲಿನ ಬಲ ಸಾಲದೆ ಅಲ್ಲ, ದಿನ ಸಾಲದೆ. ದೋಣಿ ಹೊರಡುವ ಹೊತ್ತನ್ನು ಉಬ್ಬರ ನಿರ್ಧರಿಸುತ್ತದೆ, ಹೊಳೆ ದಾಟುವ ಹೊತ್ತನ್ನು ಬಿಸಿಲು ನಿರ್ಧರಿಸುತ್ತದೆ, ವಿಮಾನದ ಹೊತ್ತನ್ನು ಗಾಳಿ ಮತ್ತು ಮಂಜು. ರಜೆ ಹತ್ತೇ ದಿನ ಇದ್ದರೆ ಈ ವರ್ಷ ಬಿಡಿ, ಇನ್ನೊಂದು ವರ್ಷ ನೋಡೋಣ. ಬೆಂಗಳೂರಿನಿಂದ ಬೆಂಗಳೂರಿಗೆ ಕನಿಷ್ಠ ಮೂರು ವಾರ ಬೇಕು. ಅದರಲ್ಲಿ ಕಣಿವೆಯೊಳಗೆ ಕಳೆಯುವುದು ಏಳೆಂಟು ದಿನ.

ಯಾವ ತಿಂಗಳು

ಪಾಂಗ್ನಿರ್ಟುಂಗ್ ಊರಿನಿಂದ ಉದ್ಯಾನದ ಬಾಗಿಲಾದ ಓವರ್‌ಲಾರ್ಡ್‌ಗೆ ಫಿಯೋರ್ಡ್‌ನಲ್ಲಿ ಸುಮಾರು 30 ಕಿ.ಮೀ. ಚಳಿಗಾಲದ ಕೊನೆಯಿಂದ ಮೇ ತನಕ ಸಮುದ್ರದ ಗಟ್ಟಿ ಹಿಮದ ಮೇಲೆ ಸ್ನೋಮೊಬೈಲ್‌ನಲ್ಲಿ ಹೋಗಬಹುದು. ಇದು ಸ್ಕೀ ಬಲ್ಲವರ ಕಾಲ. ಜೂನ್‌ನಲ್ಲಿ ಹಿಮ ಒಡೆಯುತ್ತದೆ: ಆಗ ದೋಣಿಯೂ ಹೋಗದು, ಸ್ನೋಮೊಬೈಲೂ ಹೋಗದು. ದೋಣಿ ಶುರುವಾಗುವುದು ಸಾಮಾನ್ಯವಾಗಿ ಜುಲೈ ಮಧ್ಯದ ಮೇಲೆ. ಹಿಮ ಹಠ ಹಿಡಿದ ವರ್ಷ ಇನ್ನೂ ತಡ. ಆದ್ದರಿಂದ ಜುಲೈ 15ರ ಟಿಕೆಟ್ ಜೂಜು.

ನಮ್ಮ ಆಯ್ಕೆ ಆಗಸ್ಟ್ 5ರಿಂದ 20. ಜುಲೈನಲ್ಲಿ ಕತ್ತಲೆಯೇ ಇರುವುದಿಲ್ಲ, ಹೂವು ಚೆನ್ನಾಗಿರುತ್ತದೆ. ಆದರೆ ಹಿಮ ಕರಗಿ ಹೊಳೆಗಳು ತುಂಬಿ ಹರಿಯುತ್ತವೆ, ಗಾಳಿ ನಿಂತರೆ ಸೊಳ್ಳೆ ಮುತ್ತುತ್ತದೆ. ಆಗಸ್ಟ್ ಮಧ್ಯಕ್ಕೆ ನೀರು ಇಳಿಯತೊಡಗುತ್ತದೆ, ರಾತ್ರಿಯೂ ಮಬ್ಬು ಬೆಳಕಿರುತ್ತದೆ. ಆಗಸ್ಟ್ ಕೊನೆಗೆ ಹೊಸ ಹಿಮ ಬೀಳಬಹುದು. ಬೇಸಿಗೆಯ ಹಗಲು 5ರಿಂದ 10 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ, ಆದರೆ ಕೊರೆಯುವುದು ಉಷ್ಣಾಂಶವಲ್ಲ, ಗಾಳಿ. ಕಣಿವೆ ಕೊಳವೆಯಂತೆ ಕೆಲಸ ಮಾಡುತ್ತದೆ. ಗಂಟೆಗೆ 100 ಕಿ.ಮೀ. ಮೀರಿದ ಗಾಳಿ ಇಲ್ಲಿ ಅಪರೂಪವಲ್ಲ.

ಎಷ್ಟು ದೂರ ನಡೆಯುವುದು

ಪೂರ್ತಿ 97 ಕಿ.ಮೀ. ಮಾಡಿಯೇ ತೀರಬೇಕೆಂಬ ಆಸೆ ಎಲ್ಲರಿಗೂ. ಮೊದಲ ಸಲ ಅದು ಬೇಡ ಎನ್ನುವುದು ನಮ್ಮ ಸಲಹೆ. ಉತ್ತರದ ತುದಿಗೆ ಕಿಕಿಕ್ತಾರ್ಜುಆಕ್ ಊರಿನಿಂದ ದೋಣಿ ಬೇಕು, ಅಲ್ಲಿ ಹಿಮ ತಡವಾಗಿ ತೆರವಾಗುತ್ತದೆ, ಕರಾವಳಿಯಲ್ಲಿ ಹಿಮಕರಡಿಗಳೂ ಹೆಚ್ಚು. ಎರಡು ಊರು, ಎರಡು ದೋಣಿ ಎಂದರೆ ಎಡವಟ್ಟಿಗೆ ಎರಡು ಪಟ್ಟು ಅವಕಾಶ.

ದಕ್ಷಿಣದ ಓವರ್‌ಲಾರ್ಡ್‌ನಿಂದ ಹೊರಟು, ಬಂದ ದಾರಿಯಲ್ಲೇ ಹಿಂತಿರುಗುವುದಾದರೆ ಮೂರು ಗುರಿಗಳಿವೆ. ಆರ್ಕ್‌ಟಿಕ್ ವೃತ್ತದ ಗುರುತು ಸುಮಾರು 15 ಕಿ.ಮೀ.; ಹೋಗಿ ಬರಲು ಮೂರು ದಿನ. ಅದಕ್ಕೂ ಮುಂದೆ ಥಾರ್ ಪರ್ವತದ ಬುಡಕ್ಕೆ ಐದಾರು ದಿನ. ಸಮ್ಮಿಟ್ ಲೇಕ್ ಸರೋವರಕ್ಕೆ, ಎಂದರೆ ಒಂದು ಬದಿಗೆ ಸುಮಾರು 35 ಕಿ.ಮೀ., ಎಂಟು ದಿನ. ಎತ್ತರ ಹೆಚ್ಚೇನಿಲ್ಲ: ಕಣಿವೆಯ ನೆತ್ತಿ ಸಮುದ್ರ ಮಟ್ಟದಿಂದ 400 ಮೀಟರ್ ಆಸುಪಾಸು. ಅದನ್ನು ನೋಡಿ ದಿನಕ್ಕೆ 20 ಕಿ.ಮೀ. ಲೆಕ್ಕ ಹಾಕಿಕೊಂಡು ಬರುವವರೇ ಇಲ್ಲಿ ಸೋಲುವುದು. ಹಿಮನದಿ ತಳ್ಳಿ ಬಿಟ್ಟುಹೋದ ಬಂಡೆರಾಶಿಗಳಲ್ಲಿ, ಬೆನ್ನಮೇಲೆ 22 ಕಿಲೋ ಹೊತ್ತು, ಗಂಟೆಗೆ ಒಂದು ಕಿ.ಮೀ. ಸಾಗಿದರೆ ಅದೇ ಒಳ್ಳೆಯ ವೇಗ. ದಿನಕ್ಕೆ 8ರಿಂದ 10 ಕಿ.ಮೀ. ಸಾಕು. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಥಾರ್ ಬಗ್ಗೆ ಒಂದು ಮಾತು. 1,675 ಮೀಟರ್ ಎತ್ತರದ ಈ ಶಿಖರದ ಪಶ್ಚಿಮ ಮುಖದಲ್ಲಿ 1,250 ಮೀಟರ್ ನೇರ ಇಳಿತವಿದೆ, ಸರಾಸರಿ 105 ಡಿಗ್ರಿ ಕೋನದಲ್ಲಿ. ಎಂದರೆ ಗೋಡೆ ನೆಟ್ಟಗೂ ಇಲ್ಲ, ಮುಂದಕ್ಕೆ ಬಾಗಿ ನಿಮ್ಮ ತಲೆಯ ಮೇಲೇ ನಿಂತಿದೆ. ಜಗತ್ತಿನ ಅತಿ ದೊಡ್ಡ ನೇರ ಇಳಿತ ಎಂದು ಹೆಸರಾಗಿರುವುದು ಇದೇ. ಎಂಟು ದಿನ ಇಲ್ಲದವರು ಇಲ್ಲಿಂದ ಹಿಂತಿರುಗಿದರೆ ನಷ್ಟವಿಲ್ಲ. ಚಪ್ಪಟೆ ನೆತ್ತಿಯ ಅವಳಿ ಗೋಪುರದ ಆಸ್ಗಾರ್ಡ್ ಶಿಖರ ನೋಡಬೇಕಾದರೆ ಮಾತ್ರ ಸಮ್ಮಿಟ್ ಲೇಕ್ ದಾಟಲೇಬೇಕು.

ಭಾರತದಿಂದ ಹೊರಡುವ ಮುನ್ನ

ಭಾರತೀಯ ಪಾಸ್‌ಪೋರ್ಟ್‌ಗೆ ಕೆನಡಾದ ವಿಸಿಟರ್ ವೀಸಾ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಿ. ಅಮೆರಿಕದ ಮೂಲಕ ಟಿಕೆಟ್ ಅಗ್ಗ ಎಂದು ಕಂಡರೆ ನೆನಪಿರಲಿ: ಅಲ್ಲಿ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಒಟ್ಟಾವಾದಿಂದ ನೂನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ವಿಮಾನದಲ್ಲಿ ಮೂರು ಗಂಟೆ, ಅಲ್ಲಿಂದ ಚಿಕ್ಕ ವಿಮಾನದಲ್ಲಿ ಪಾಂಗ್ನಿರ್ಟುಂಗ್‌ಗೆ ಒಂದು ಗಂಟೆ. ಈ ಕೊನೆಯ ಒಂದು ಗಂಟೆಯೇ ಎರಡು ದಿನ ನುಂಗುವುದು. ಪಾಂಗ್ನಿರ್ಟುಂಗ್‌ನ ರನ್‌ವೇ ಊರಿನ ನಡುವೆ, ಬೆಟ್ಟ ಮತ್ತು ಫಿಯೋರ್ಡ್ ನಡುವೆ ಸಿಕ್ಕಿಕೊಂಡಿದೆ. ಮೋಡ ಇಳಿದರೆ ಅಥವಾ ಅಡ್ಡಗಾಳಿ ಬೀಸಿದರೆ ವಿಮಾನ ಇಳಿಯದೆ ಇಕಾಲುಯಿಟ್‌ಗೆ ವಾಪಸ್. ಹೋಗುವಾಗ ಎರಡು, ಬರುವಾಗ ಮೂರು ದಿನ ಖಾಲಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಟಿಕೆಟ್ ದಿನಾಂಕ ಬದಲಿಸಬಹುದಾದದ್ದೇ ಇರಲಿ. ಭಾರ ಹೆಚ್ಚಾದರೆ ನಿಮ್ಮ ಬ್ಯಾಗ್ ಮುಂದಿನ ವಿಮಾನಕ್ಕೆ ಉಳಿಯುತ್ತದೆ. ಆದ್ದರಿಂದ ಬೂಟು ಕಾಲಲ್ಲೇ ಇರಲಿ. ಔಷಧಿ, ಜಾಕೆಟ್ ಕೈಚೀಲದಲ್ಲಿ.

ವಿಮೆ ತೆಗೆದುಕೊಳ್ಳುವಾಗ ದೂರಪ್ರದೇಶದಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂದು ಪಾಲಿಸಿಯಲ್ಲೇ ಓದಿ ನೋಡಿ, ಏಜೆಂಟರ ಮಾತು ಸಾಲದು.

ದೋಣಿ ಗೊತ್ತುಮಾಡುವುದು ಇದೇ ಹಂತದಲ್ಲಿ. ಉದ್ಯಾನದ ಪರವಾನಗಿ ಇರುವ ಸ್ಥಳೀಯ ದೋಣಿಯವರ ಪಟ್ಟಿಯನ್ನು, ಉದ್ಯಾನ ನಡೆಸುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಪಾಂಗ್ನಿರ್ಟುಂಗ್ ಕಚೇರಿ ಕೊಡುತ್ತದೆ. ನೋಂದಣಿ, ಶುಲ್ಕ ಎರಡೂ ಅದೇ ಕಚೇರಿಯಲ್ಲಿ. ದರ ಪರಿಷ್ಕರಣೆಯಾಗುತ್ತಿರುತ್ತದೆ, ಆ ವರ್ಷದ್ದನ್ನೇ ಕೇಳಿ.

ಊಟ: ಅವಲಕ್ಕಿ ಗೆಲ್ಲುವ ಕಡೆ

ಉದ್ಯಾನದಲ್ಲಿ ಬೆಂಕಿ ಹಾಕುವಂತಿಲ್ಲ, ಹಾಕಲು ಕಟ್ಟಿಗೆಯೂ ಇಲ್ಲ. ಸ್ಟೌವ್ ಒಂದೇ ಗತಿ. ಹೊತ್ತ ಇಂಧನವೇ ಭಾರ. ಹೀಗಾಗಿ ಬೇಯಿಸುವ ಅಡುಗೆ ಬಿಟ್ಟು ನೆನೆಸುವ ಅಡುಗೆ ನೋಡಬೇಕು. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಹೊರದೇಶದ ದುಬಾರಿ ಪ್ಯಾಕೆಟ್‌ಗಳಿಗಿಂತ ಒಂದು ಕೈ ಮೇಲೆ.

ಒಬ್ಬರಿಗೆ ದಿನಕ್ಕೆ 700ರಿಂದ 800 ಗ್ರಾಂ ಒಣ ಆಹಾರ, 3,200 ಕ್ಯಾಲೊರಿಗೆ ಕಡಿಮೆಯಾಗದಂತೆ. ಬೆಳಿಗ್ಗೆ 120 ಗ್ರಾಂ ಗಟ್ಟಿ ಅವಲಕ್ಕಿಗೆ ಕುದಿನೀರು ಹುಯ್ದು, ಮುಚ್ಚಿ ಐದು ನಿಮಿಷ ಬಿಟ್ಟು, ಹುಳಿ ಗೊಜ್ಜಿನ ಪುಡಿ, ಕಡಲೇಕಾಯಿ, ಎರಡು ಚಮಚ ತುಪ್ಪ. ಮಧ್ಯಾಹ್ನ ಸ್ಟೌವ್ ಹಚ್ಚಬೇಡಿ: ಹುರಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ತಣ್ಣೀರಲ್ಲಿ ಕಲಸಿದರೆ ಮುಗಿಯಿತು. ಜೊತೆಗೆ ಶೇಂಗಾ ಚಿಕ್ಕಿ, ಒಣಹಣ್ಣು. ರಾತ್ರಿ ಹುರಿದಿಟ್ಟ ರವೆಯ ಉಪ್ಪಿಟ್ಟು ಅಥವಾ ಮೊದಲೇ ಬೇಯಿಸಿ ಒಣಗಿಸಿದ ಬೇಳೆ. ಹಸಿ ಅಕ್ಕಿ, ಹಸಿ ತೊಗರಿಬೇಳೆ ಒಯ್ಯಬೇಡಿ. ಬೇಯುವ ಹೊತ್ತಿಗೆ ಇಂಧನದ ಲೆಕ್ಕವೆಲ್ಲ ತಲೆಕೆಳಗು. ಎಂಟು ದಿನದ ಚಾರಣಕ್ಕೆ ಹತ್ತು ದಿನದ ಊಟ, ಎಂದರೆ ತಲೆಗೆ ಸುಮಾರು ಏಳೂವರೆ ಕಿಲೋ. ಆ ಹೆಚ್ಚುವರಿ ಎರಡು ದಿನದ್ದು ದೋಣಿ ಬಾರದ ದಿನಗಳಿಗೆ.

ಕೆನಡಾಕ್ಕೆ ಇಳಿದಾಗ ತಂದ ಆಹಾರವನ್ನೆಲ್ಲ ಡಿಕ್ಲೇರ್ ಮಾಡಬೇಕು. ತಲೆನೋವು ಬೇಡವೆಂದರೆ ಮನೆಯಿಂದ ಪುಡಿಗಳನ್ನಷ್ಟೇ ತಂದು ಉಳಿದದ್ದನ್ನು ಟೊರಾಂಟೊ ಅಥವಾ ಒಟ್ಟಾವಾದ ಭಾರತೀಯ ಅಂಗಡಿಗಳಲ್ಲಿ ಕೊಳ್ಳಿ. ಪಾಂಗ್ನಿರ್ಟುಂಗ್‌ನ ಅಂಗಡಿಗೆ ಎಲ್ಲವೂ ವಿಮಾನದಲ್ಲೋ, ಬೇಸಿಗೆಯ ಹಡಗಿನಲ್ಲೋ ಬರಬೇಕು. ತರಕಾರಿ ಬೆಲೆ ಕೇಳಿ ಬೆಚ್ಚಬೇಡಿ. ಊರಿನಲ್ಲಿ ಮದ್ಯ ನಿಷೇಧವಿದೆ, ಒಯ್ಯುವಂತಿಲ್ಲ.

ಇಂಧನವನ್ನು ವಿಮಾನದಲ್ಲಿ ಒಯ್ಯುವುದಕ್ಕಾಗದು, ಕರಡಿ ಸ್ಪ್ರೇಯನ್ನೂ. ಎರಡನ್ನೂ ಪಾಂಗ್ನಿರ್ಟುಂಗ್‌ನಲ್ಲೇ ಕೊಳ್ಳಬೇಕು. ದಾಸ್ತಾನು ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಣ್ಣ ಗ್ಯಾಸ್ ಡಬ್ಬಿ ಸಿಗುತ್ತದೆಂದು ನಂಬಿ ಹೋಗಬೇಡಿ. ವೈಟ್ ಗ್ಯಾಸ್ ಎಂಬ ದ್ರವ ಇಂಧನದಲ್ಲಿ ಉರಿಯುವ, ಪಂಪ್ ಇರುವ ಸ್ಟೌವ್ ಒಯ್ಯಿರಿ. ತಲೆಗೆ ದಿನಕ್ಕೆ 120 ಮಿ.ಲೀ.; ಇಬ್ಬರಿಗೆ ಎಂಟು ದಿನಕ್ಕೆ ಎರಡು ಲೀಟರ್, ಮೀಸಲು ಅರ್ಧ ಲೀಟರ್. ಇಂಧನದ ಬಾಟಲಿ ಹೊಸದಿರಲಿ. ಹಳೆಯ ಬಾಟಲಿಯಲ್ಲಿ ಚೂರು ವಾಸನೆ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ, ಸ್ಟೌವ್ ಸಮೇತ.

ಸಾಮಾನಿನಲ್ಲಿ ರಾಜಿ ಬೇಡದವು

ಟೆಂಟ್ ನಾಲ್ಕು ಋತುವಿನದಾಗಿರಬೇಕು. ಮರಳು ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಪ್ರತಿ ಹಗ್ಗವನ್ನೂ ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ, ಆ ಕಲ್ಲಿನ ಮುಂದೆ ಅದಕ್ಕಿಂತ ದೊಡ್ಡದೊಂದನ್ನು ಒತ್ತಿಡಿ. ಹೊರಡುವಾಗ ಕಲ್ಲುಗಳನ್ನು ಚದುರಿಸಿ. ಆದರೆ ಅಲ್ಲಿ ಮೊದಲೇ ವೃತ್ತಾಕಾರವಾಗಿ ಕೂತಿರುವ ಕಲ್ಲುಗಳನ್ನು ಮಾತ್ರ ಮುಟ್ಟಕೂಡದು, ಕಾರಣ ಮುಂದೆ ಬರುತ್ತದೆ. ಮೈನಸ್ 7 ಡಿಗ್ರಿಯ ಸ್ಲೀಪಿಂಗ್ ಬ್ಯಾಗ್, ಕಣ್ಣಪಟ್ಟಿ, ಎರಡು ಊರುಗೋಲು, ಹೊಳೆ ದಾಟಲು ಬೇರೆಯೇ ಗಟ್ಟಿ ಶೂ ಮತ್ತು ನಿಯೊಪ್ರೀನ್ ರಬ್ಬರಿನ ಕಾಲುಚೀಲ, ಕರಡಿ ತೆರೆಯಲಾರದ ಆಹಾರದ ಡಬ್ಬಿ. ದಿಕ್ಸೂಚಿ ಇಲ್ಲಿ ನಿಜ ಉತ್ತರಕ್ಕಿಂತ 25ರಿಂದ 30 ಡಿಗ್ರಿ ಪಶ್ಚಿಮಕ್ಕೆ ತೋರಿಸುತ್ತದೆ, ಜಿಪಿಎಸ್ ಜೊತೆಗಿರಲಿ. ಡ್ರೋನ್ ನಿಷಿದ್ಧ.

ಸಂಪರ್ಕಕ್ಕೆ ಸ್ಯಾಟಲೈಟ್ ಮೆಸೆಂಜರ್ ಬೇಕೇಬೇಕು, ಅದನ್ನು ಕೆನಡಾದಲ್ಲೇ ಬಾಡಿಗೆಗೆ ಪಡೆಯಿರಿ. ಇಂಥ ಸಾಧನವನ್ನು ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ಸಹಾಯ ಕೇಳಿದರೂ ಹವೆ ಕೆಟ್ಟಿದ್ದರೆ ಅದು ಬರಲು ದಿನಗಳೇ ಹಿಡಿಯಬಹುದು.

ಪಾಂಗ್ನಿರ್ಟುಂಗ್‌ನಲ್ಲಿ ಎರಡು ದಿನ

ಉದ್ಯಾನದ ಕಚೇರಿಗೆ ಹೋಗಿ ನೋಂದಾಯಿಸಿ, ಅಲ್ಲಿ ಕೊಡುವ ಸುರಕ್ಷತಾ ಮಾಹಿತಿಗೆ ಕೂರಲೇಬೇಕು. ಇದನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಆ ವಾರ ಕರಡಿ ಎಲ್ಲಿ ಕಂಡಿತು, ಯಾವ ಹೊಳೆ ಏರಿದೆ, ಯಾವ ಸೇತುವೆ ಉಳಿದಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ನಕ್ಷೆ ಬಿಚ್ಚಿ ಗುರುತು ಹಾಕಿಸಿಕೊಳ್ಳಿ. ಎಂದೂ ಕರಗದ ನಾಡೂ ಕರಗುತ್ತಿದೆ: 2008ರ ಜೂನ್‌ನಲ್ಲಿ ಪ್ರವಾಹ ನುಗ್ಗಿ, ಹೆಪ್ಪುಗಟ್ಟಿದ ನೆಲ ಸಡಿಲವಾಗಿ, ಈ ಊರಿನ ಸೇತುವೆಗಳೇ ಹಾಳಾದವು. ಅದೇ ಬೇಸಿಗೆ ಕಣಿವೆಯ ಒಂದು ಭಾಗವನ್ನೂ ಮುಚ್ಚಬೇಕಾಯಿತು. ಹಳೆಯ ಚಾರಣ ವಿವರಣೆಗಳನ್ನು ನಂಬಿ ನಡೆಯಬಾರದು ಎನ್ನುವುದು ಇದಕ್ಕೇ.

ಬಂದೂಕು? ಪ್ರವಾಸಿಗರಿಗೆ ಅನುಮತಿಯಿಲ್ಲ. ಭಯವಿದ್ದವರು ಪರವಾನಗಿ ಇರುವ ಇನುಯಿಟ್ ಮಾರ್ಗದರ್ಶಕರನ್ನು ಕರೆದೊಯ್ಯಬೇಕು, ಮೊದಲ ಸಲದವರಿಗೆ ಅದೇ ಒಳ್ಳೆಯದು. ಕಣಿವೆಯ ಒಳಭಾಗಕ್ಕಿಂತ ಕಡಲಿನ ಬದಿಯಲ್ಲೇ ಕರಡಿ ಕಾಣುವ ಸಂಭವ ಹೆಚ್ಚು. ಆದ್ದರಿಂದ ಓವರ್‌ಲಾರ್ಡ್‌ನಲ್ಲಿ ಇಳಿದ ದಿನವೇ ಫಿಯೋರ್ಡ್ ಅಂಚು ಬಿಟ್ಟು ಒಳಕ್ಕೆ ನಡೆಯಿರಿ. ನಾಲ್ಕು ಮಂದಿಯ ಗುಂಪು, ಸುತ್ತಲೂ ದೂರಕ್ಕೆ ಕಾಣುವ ಬಿಡಾರ, ಅಡುಗೆ ಮತ್ತು ಆಹಾರ ಟೆಂಟಿನಿಂದ ನೂರು ಹೆಜ್ಜೆಗೂ ಆಚೆ.

ದೋಣಿಯವರೊಂದಿಗೆ ಮರಳುವ ದಿನ, ಮೀಸಲು ದಿನ, ಸಂದೇಶ ಕಳಿಸುವ ಬಗೆ ಎಲ್ಲವನ್ನೂ ಬರೆದೇ ಇಟ್ಟುಕೊಳ್ಳಿ. ಇಲ್ಲಿ ಉಬ್ಬರವಿಳಿತದ ಅಂತರ ಹಲವು ಮೀಟರ್. ಇಳಿತದಲ್ಲಿ ಫಿಯೋರ್ಡ್‌ನ ತುದಿ ಬರೀ ಕೆಸರು ಬಯಲು, ದೋಣಿ ದಡಕ್ಕೆ ಬರುವುದು ಉಬ್ಬರದಲ್ಲಿ ಮಾತ್ರ. 'ನಾಲ್ಕು ಗಂಟೆಗೆ ತಯಾರಿರಿ' ಎಂದರೆ ಮೂರೂವರೆಗೇ ದಡದಲ್ಲಿರಿ. ಅರ್ಧ ಗಂಟೆ ತಪ್ಪಿದರೆ ಮುಂದಿನ ಉಬ್ಬರ ಹನ್ನೆರಡು ಗಂಟೆ ದೂರ.

ಹೊಳೆ ದಾಟುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನೇ ಓದಿ. ಇಲ್ಲಿ ಕರಡಿಗಿಂತ ಹೊಳೆಯೇ ದಿನನಿತ್ಯದ ಅಪಾಯ.

ಬದಿಯ ಹಿಮನದಿಗಳಿಂದ ಇಳಿಯುವ ತೊರೆಗಳು ಕಣಿವೆಯ ಮುಖ್ಯ ನದಿಯಾದ ವೀಸೆಲ್‌ಗೆ ಸೇರುತ್ತವೆ. ಬಿಸಿಲು ಏರಿದಂತೆ ಹಿಮ ಕರಗುತ್ತದೆ, ಆ ನೀರು ಕೆಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಹಾಗಾಗಿ ನೀರು ಮೇಲೇರುವುದು ಮಧ್ಯಾಹ್ನದ ನಂತರದಿಂದ ಸಂಜೆಯವರೆಗೆ, ಇಳಿಯುವುದು ಬೆಳಗಿನ ಜಾವ. ಸೂರ್ಯ ಮುಳುಗದ ಜುಲೈನಲ್ಲೂ ಈ ಏರಿಳಿತ ತಪ್ಪದು, ಏಕೆಂದರೆ ರಾತ್ರಿ ಬಿಸಿಲು ಓರೆಯಾಗುತ್ತದೆ. ಸಂಜೆ ಆರಕ್ಕೆ ಸೊಂಟಮಟ್ಟ ಕಂಡ ತೊರೆ ಬೆಳಿಗ್ಗೆ ಐದಕ್ಕೆ ಮೊಣಕಾಲಿಗೆ ಬಂದಿರಬಹುದು. ದೊಡ್ಡ ತೊರೆ ಎದುರಾದರೆ ಈಚೆ ದಡದಲ್ಲೇ ಟೆಂಟ್ ಹಾಕಿ, ನಾಲ್ಕಕ್ಕೆ ಎದ್ದು ದಾಟಿ. ಮಳೆ ಸುರಿದ ದಿನ ಈ ಲೆಕ್ಕ ನಡೆಯುವುದಿಲ್ಲ, ಕಾಯಬೇಕು.

1. ಕಿರಿದಾದ ಜಾಗ ಹುಡುಕಬೇಡಿ. ಅಲ್ಲಿ ನೀರು ಆಳ, ಸೆಳೆತ ಜೋರು. ಹೊಳೆ ಅಗಲವಾಗಿ ಹಲವು ಕವಲಾಗಿ ಒಡೆದ ಕಡೆ ದಾಟಿ.
2. ನೀರು ಹಾಲುಬೂದಿ ಬಣ್ಣ, ತಳ ಕಾಣದು. ಮುಷ್ಟಿ ಗಾತ್ರದ ಕಲ್ಲೆಸೆದು ಸದ್ದು ಕೇಳಿ: 'ಚಳಕ್' ಎಂದರೆ ಆಳವಿಲ್ಲ, 'ಗುಡುಂ' ಎಂದರೆ ಬೇಡ. ತಳದಲ್ಲಿ ಬಂಡೆಗಳು ಉರುಳುವ ಸದ್ದು ಬರುತ್ತಿದ್ದರೆ ಪ್ರಯತ್ನಿಸಲೇಬೇಡಿ.
3. ಬ್ಯಾಕ್‌ಪ್ಯಾಕ್‌ನ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ. ಬಿದ್ದರೆ ಹೊರೆ ಕಳಚಿ ಏಳಬೇಕು, ಕಟ್ಟಿದ್ದರೆ ಅದೇ ಮುಳುಗಿಸುತ್ತದೆ.
4. ಬರಿಗಾಲಲ್ಲಿ ಇಳಿಯಬೇಡಿ. ಆಗತಾನೆ ಕರಗಿದ ನೀರಲ್ಲಿ ನಿಮಿಷದೊಳಗೆ ಪಾದದ ಸ್ಪರ್ಶವೇ ಹೋಗುತ್ತದೆ, ಹೆಜ್ಜೆ ಎಲ್ಲಿಟ್ಟಿರೋ ತಿಳಿಯದು.
5. ಮುಖ ಪ್ರವಾಹಕ್ಕೆ ಎದುರಾಗಿ, ಊರುಗೋಲು ಮುಂದೆ ಊರಿ, ಅಡ್ಡಡ್ಡ ಹೆಜ್ಜೆ. ಒಂದು ಸಲಕ್ಕೆ ಒಂದೇ ಕಾಲು ಅಥವಾ ಒಂದೇ ಕೋಲು ಎತ್ತಿ. ಮೂವರಿದ್ದರೆ ಹೆಗಲು ಹಿಡಿದು ಒಟ್ಟಿಗೆ ದಾಟಿ, ಭಾರದವರು ನೀರಿನ ಮೇಲ್ಬದಿಗೆ.
6. ನೀರು ತೊಡೆ ಮುಟ್ಟಿತೋ, ಹಿಂದಕ್ಕೆ ಬನ್ನಿ. ತಿರುಗಿ ನಿಲ್ಲಬೇಡಿ, ಹಿಂಹೆಜ್ಜೆಯಲ್ಲೇ ಬನ್ನಿ.

ಇನ್ನೊಂದು ಬಲೆ ಓವರ್‌ಲಾರ್ಡ್ ಸುತ್ತಲಿನ ಮರಳು ಬಯಲುಗಳು. ಒಣಗಿದಂತೆ ಕಾಣುವ ಬೂದು ಮರಳು ಒಮ್ಮೆಲೇ ಮೊಣಕಾಲಿನ ತನಕ ನುಂಗುತ್ತದೆ. ಮುಂದಿಡುವ ಕಡೆ ಕೋಲಿನಿಂದ ತಟ್ಟಿ ನೋಡಿ. ನೀರು ಉಕ್ಕಿ ಹೊಳೆದರೆ ಸುತ್ತಿ ಹೋಗಿ.

ಕುಡಿಯುವ ನೀರಿಗೆ ಮುಖ್ಯ ನದಿ ಬೇಡ. ಹಿಮನದಿ ಅರೆದ ಕಲ್ಲಿನ ಹಿಟ್ಟು ಅದರಲ್ಲಿದೆ, ಫಿಲ್ಟರ್ ಅರ್ಧ ದಿನಕ್ಕೇ ಕಟ್ಟಿಕೊಳ್ಳುತ್ತದೆ. ತಿಳಿಯಾದ ಬದಿತೊರೆ ಹುಡುಕಿ, ಇಲ್ಲವೆಂದರೆ ಪಾತ್ರೆಯಲ್ಲಿ ರಾತ್ರಿಯಿಡೀ ತಿಳಿಯಲು ಬಿಡಿ. ಓವರ್‌ಲಾರ್ಡ್, ವಿಂಡಿ ಲೇಕ್, ಥಾರ್, ಸಮ್ಮಿಟ್ ಲೇಕ್‌ಗಳಲ್ಲಿ ತುರ್ತು ಆಸರೆಯ ಗೂಡುಗಳಿವೆ. ಅವು ಆಪತ್ತಿಗೆ, ರಾತ್ರಿ ಬೆಚ್ಚಗೆ ಮಲಗಲು ಅಲ್ಲ. ವಿಂಡಿ ಲೇಕ್‌ಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ, ಬಿಡಾರಕ್ಕೆ ಬಂಡೆಯ ಮರೆ ಹುಡುಕಿ.

ಇದು ಯಾರ ನೆಲ

ಉದ್ಯಾನಕ್ಕಾಗಿ ಜಾಗ ಮೀಸಲಾದದ್ದು 1970ರ ದಶಕದಲ್ಲಿ. ಇನುಯಿಟ್ ಜನರ ಪೂರ್ವಜರಾದ ಥೂಲೆ ಜನ ಅದಕ್ಕೆ ಶತಮಾನಗಳ ಮೊದಲೇ ಇಲ್ಲಿದ್ದರು. ನೆಲದ ಮೇಲೆ ವೃತ್ತಾಕಾರವಾಗಿ ಕೂತ ಕಲ್ಲುಗಳು ಅವರ ಚರ್ಮದ ಗುಡಾರದ ಅಂಚನ್ನು ಅದುಮಿ ಹಿಡಿದವು, ಕಲ್ಲಿನ ಗುಪ್ಪೆಗಳು ಮಾಂಸದ ಉಗ್ರಾಣಗಳು. ಚಾರಣಿಗರು ಟೆಂಟ್ ಕಟ್ಟಲು ಅವನ್ನೇ ಎತ್ತಿಕೊಳ್ಳುವುದುಂಟು. ಒಂದು ಕಲ್ಲು ಜರುಗಿದರೂ ದಾಖಲೆ ಅಳಿದಂತೆ. ಇನುಕ್ಸುಕ್ ಎಂಬ ಕಲ್ಲಿನ ಕಂಬಗಳು ದಾರಿ ತೋರಿಸುತ್ತವೆ. ಫೋಟೋಕ್ಕಾಗಿ ಹೊಸದು ಕಟ್ಟಬೇಡಿ: ಹಿಂದೆ ಬರುವವರು ಅದನ್ನೇ ನಂಬಿ ದಾರಿ ತಪ್ಪುತ್ತಾರೆ.

1993ರ ನೂನಾವುಟ್ ಒಪ್ಪಂದದಂತೆ ಇನುಯಿಟ್ ಜನರಿಗೆ ಉದ್ಯಾನದೊಳಗೂ ಬೇಟೆಯ ಹಕ್ಕಿದೆ, ಆಡಳಿತದಲ್ಲೂ ಪಾಲಿದೆ. ದಡದಲ್ಲಿ ಸೀಲ್ ಸೀಳುತ್ತಿರುವುದು ಕಂಡರೆ ಅದು ಅವರ ಊಟ. ಸಸ್ಯಾಹಾರಿಗಳು ಮುಖ ಕಿವಿಚದೆ ಮುಂದೆ ನಡೆಯಬಹುದು, ಫೋಟೋಕ್ಕೆ ಕೇಳಿಯೇ ಕ್ಯಾಮೆರಾ ಎತ್ತಬೇಕು. ನಮ್ಮ ಶಾಲೆಯ ಪಾಠದಲ್ಲಿದ್ದ 'ಎಸ್ಕಿಮೋ' ಪದ ಇಲ್ಲಿ ಬಳಸಬೇಡಿ. ಜನ ಇನುಯಿಟ್, ಒಬ್ಬರಾದರೆ ಇನುಕ್. ಧನ್ಯವಾದಕ್ಕೆ 'ಕುಯನ್ನಮೀಕ್'. ಪ್ರಶ್ನೆಗೆ ಹುಬ್ಬು ಮೇಲೇರಿಸಿದರೆ 'ಹೌದು', ಮೂಗು ಸುಕ್ಕಿಸಿದರೆ 'ಇಲ್ಲ'. ಇದು ತಿಳಿಯದೆ ಉತ್ತರ ಬರಲಿಲ್ಲವೆಂದು ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವವರಿದ್ದಾರೆ.

ಫಲಕಗಳ ಇನುಕ್ಟಿಟುಟ್ ಲಿಪಿಯನ್ನು ಗಮನಿಸಿ. ತ್ರಿಕೋನದ ತುದಿ ಮೇಲಿದ್ದರೆ 'ಇ', ಬಲಕ್ಕಿದ್ದರೆ 'ಉ', ಎಡಕ್ಕಿದ್ದರೆ 'ಅ'. ವ್ಯಂಜನಗಳೂ ಹಾಗೇ ತಿರುಗುತ್ತವೆ. ಕಾಗುಣಿತ ಕಲಿತವರಿಗೆ ಒಂದು ಸಂಜೆ ಸಾಕು.

ಹಿಂತಿರುಗಿದ ಮೇಲೆ

ಮೊದಲ ಕೆಲಸ ಕಚೇರಿಗೆ ಹೋಗಿ 'ಮರಳಿದ್ದೇವೆ' ಎಂದು ದಾಖಲಿಸುವುದು. ಮರೆತರೆ ನಿಮ್ಮನ್ನು ಹುಡುಕುವ ಕೆಲಸ ಶುರುವಾಗಬಹುದು.

ಮೀಸಲು ದಿನ ಉಳಿದಿದ್ದರೆ ಅಂಗ್ಮಾರ್ಲಿಕ್ ಕೇಂದ್ರ ನೋಡಿ. ತಿಮಿಂಗಿಲ ಬೇಟೆಯ ಕಾಲದ ಕಥೆ ಅಲ್ಲಿದೆ. 1840ರಲ್ಲಿ ಸ್ಕಾಟ್ಲೆಂಡಿನ ನಾವಿಕ ವಿಲಿಯಂ ಪೆನ್ನಿಗೆ ಈ ಕಡಲಿನ ದಾರಿ ತೋರಿಸಿದ್ದು ಇನುಲೂಆಪಿಕ್ ಎಂಬ ಇನುಕ್ ಯುವಕ. ಆದರೂ ಕಣಿವೆಯ ಮೇಲಿನ ಹಿಮರಾಶಿಗೆ ಉಳಿದದ್ದು ಪೆನ್ನಿಯ ಹೆಸರು. ಪಕ್ಕದ ಉಕ್ಕುರ್ಮಿಯುಟ್ ಕಲಾಕೇಂದ್ರದಲ್ಲಿ ಮುದ್ರಣಚಿತ್ರ, ಉಣ್ಣೆಯ ನೇಯ್ಗೆಚಿತ್ರ, ಕ್ರೋಶಾದಲ್ಲಿ ಹೆಣೆದ ಬಣ್ಣದ ಪ್ಯಾಂಗ್ ಟೋಪಿ ಸಿಗುತ್ತವೆ. ಕಲ್ಲಿನ ಕೆತ್ತನೆ, ಟೋಪಿ ನಿಶ್ಚಿಂತೆಯಿಂದ ತನ್ನಿ. ವಾಲ್ರಸ್ ದಂತ, ನಾರ್ವಾಲ್ ಕೊಂಬು, ಹಿಮಕರಡಿಯ ಚರ್ಮ ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ಸೀಲ್ ಚರ್ಮದ ಕೈಗವಸು ಚೆಂದವೇ, ಆದರೆ ಅಮೆರಿಕದ ಮೂಲಕ ಮರಳುವವರ ಚೀಲದಿಂದ ಅದನ್ನು ಅಲ್ಲಿನ ಕಸ್ಟಮ್ಸ್ ತೆಗೆದಿಟ್ಟುಕೊಳ್ಳುತ್ತದೆ. ಉಳಿದ ವೈಟ್ ಗ್ಯಾಸ್, ಕರಡಿ ಸ್ಪ್ರೇ ಊರಿನಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಸ್ಯಾಟಲೈಟ್ ಮೆಸೆಂಜರನ್ನು ಒಟ್ಟಾವಾದಲ್ಲಿ ಬಾಡಿಗೆಯವರಿಗೆ ಒಪ್ಪಿಸಿ, ರಸೀದಿ ಪಡೆದು, ಆಮೇಲೆ ಮನೆಯ ವಿಮಾನ ಹತ್ತಿ.